ಹಲಸಿನ ಬಾಗಿಲಿಗೆ ಹಲಸಿನದೇ ಪುಡಿ

ಬೆಳಗಿನ ಆರು ಗಂಟೆ. ಗಂಗಾಲಕ್ಷ್ಮಿ ಹಿಟ್ಟಿನ ಜರಡಿಯಲ್ಲಿ ಮರದ ಪುಡಿ ಜರಡಿ ಹಿಡಿಯುತ್ತಿದ್ದಾರೆ. ಶ್ರೀನಿವಾಸಪುರದಲ್ಲಿ, ಮಾವಿನ ಮಂಡಿಗಳ ಹಿಂದಿನ ಬೀದಿಯಲ್ಲಿ ಗಂಡ ಮುನಿಶಾಮಿಯ ಬಡಗಿ ಅಂಗಡಿ. ಉಪ್ಪುಕಾಗದ ಉಜ್ಜಿದಾಗ ಉದುರುವ ನುಣ್ಣನೆಯ ಪುಡಿಯಷ್ಟೇ ಅವರಿಗೆ ಬೇಕು. ಗರಗಸದ ದಪ್ಪ ಹೊಟ್ಟು ನೀರೊಲೆಗೆ ಹೋಗುತ್ತದೆ. ಗೋಡೆಗೆ ಒರಗಿಸಿಟ್ಟ ಬಾಗಿಲಿನ ಕಡೆಗೆ ಅವರು ನೋಡುತ್ತಿಲ್ಲ.

ಮೊಳೆಯ ತೂತು, ಹುಳು ತಿಂದ ಜಾಗ, ಸಣ್ಣ ಬಿರುಕು ಮುಚ್ಚುವ ಮೆತ್ತೆಯನ್ನು ಹದಿನೆಂಟು ವರ್ಷದಿಂದ ಕೈಯಲ್ಲೇ ಕಲಸುತ್ತಿದ್ದಾರೆ. ಬಣ್ಣ ಹೊಡೆಯುವ ಮರಕ್ಕಾದರೆ ಪುಡಿಗೆ ಬಿಳಿ ಅಂಟು, ಪಾಲಿಶ್ ಮಾಡುವ ಮರಕ್ಕಾದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ದಿನಕ್ಕೆ ನೂರರ ಸುಮಾರು ತೂತು. ಹಲಸು, ತೇಗ, ಬೇವು, ಮಾವು ಹೀಗೆ ಒಂದೊಂದು ಮರದ ಪುಡಿಗೆ ಒಂದೊಂದು, ಒಟ್ಟು ಒಂಬತ್ತು ಡಬ್ಬಿ ಇವೆ. "ಒಂದರದ್ದು ಇನ್ನೊಂದಕ್ಕೆ ಹಾಕಿದ್ರೆ ರಾಗಿಮುದ್ದೆಗೆ ಅನ್ನದ ಅಗುಳು ಅಂಟಿದಂಗೆ ಕಾಣ್ತದೆ" ಎನ್ನುತ್ತಾರೆ.

ತವರು ಹುತ್ತೂರು. ಮದುವೆಗೆ ಮುಂಚೆ ರೇಷ್ಮೆಹುಳಕ್ಕೆ ಸೊಪ್ಪು ಕತ್ತರಿಸುತ್ತಿದ್ದರು. ಈಗ ಪುಡಿಯಿಂದ ಚಳಿಗಾಲದಲ್ಲಿ ಕೆಮ್ಮು ಬಿಡುವುದಿಲ್ಲ. ಅಂಗಡಿಯ ಬೋರ್ಡಿನಲ್ಲಿ ಗಂಡನ ಹೆಸರು ಮಾತ್ರ ಇದೆ. ಅದಕ್ಕೆ ಅವರ ತಕರಾರಿಲ್ಲ.

ತಕರಾರು ಇರುವುದು ಈ ಬಾಗಿಲಿನ ಬಗ್ಗೆ. ಹೋದ ವಾರ ಅರಗು ಮುಗಿದಿತ್ತು. ಕ್ಯಾಲನೂರಿನ ಆಂಜಿನಪ್ಪನವರ ಹಲಸಿನ ತಲೆಬಾಗಿಲಿಗೆ ಗಂಗಾಲಕ್ಷ್ಮಿ ಆತುರದಲ್ಲಿ ಅಂಟಿನ ಮೆತ್ತೆ ತುಂಬಿದರು. ಅಂಟು ಪಾಲಿಶ್ ಹೀರುವುದಿಲ್ಲ. ತೂತಿದ್ದಲ್ಲೆಲ್ಲ ಬಿಳಿ ಚುಕ್ಕೆ ಎದ್ದು ಬಾಗಿಲು ವಾಪಸು ಬಂತು. ಗೃಹಪ್ರವೇಶ ನಾಳೆ. ಇವತ್ತೂ ಚುಕ್ಕೆ ಕಂಡರೆ ಬೇರೆ ಅಂಗಡಿಯ ಬಾಗಿಲು ತರುತ್ತೇನೆಂದು ಆಂಜಿನಪ್ಪ ಹೇಳಿದ್ದಾರೆ.

"ಬಾಗಿಲಿಗೆ ಸಿಡುಬು ಬರಿಸಿದ್ಲು ನಮ್ಮೋಳು" ಎಂದು ಮುನಿಶಾಮಿ ನಗುತ್ತಾರೆ.

"ಅರಗು ತರೋದು ಮರೆತಿದ್ದು ಯಾರು? ಬಾಯಿ ಮುಚ್ಕೊಳ್ಳಿ, ಇಲ್ಲಾಂದ್ರೆ ಅದಕ್ಕೂ ಮೆತ್ತೆ ತುಂಬ್ತೀನಿ."

ಮೂರು ದಿನ ಕೂತು ಅರವತ್ತೆರಡು ಚುಕ್ಕೆಗಳನ್ನು ದಬ್ಬಳದಿಂದ ಕೆದಕಿ ತೆಗೆದಿದ್ದಾರೆ. ಒಣಗಿದರೆ ಕುಗ್ಗುತ್ತದೆಂದು ಅರಗಿನ ಮೆತ್ತೆಯನ್ನು ಸ್ವಲ್ಪ ಉಬ್ಬಿಸಿಯೇ ತುಂಬಿ, ಉಜ್ಜಿ, ಮತ್ತೆ ಪಾಲಿಶ್ ಮಾಡಿದ್ದಾರೆ.

ಒಂಬತ್ತಕ್ಕೆ ಆಂಜಿನಪ್ಪ ಟೆಂಪೋದಲ್ಲಿ ಬರುತ್ತಾರೆ. ಬಾಗಿಲನ್ನು ಬಿಸಿಲಿಗೆ ಎಳೆಸಿ, ಬಗ್ಗಿ, ಹೆಬ್ಬೆರಳಿನಿಂದ ಸವರುತ್ತಾ ಹೋಗುತ್ತಾರೆ. ಗಂಗಾಲಕ್ಷ್ಮಿಯ ಜರಡಿ ನಿಂತಿದೆ. ಕೆಳಗಿನ ಮೂಲೆಯಲ್ಲಿ ಬೆರಳು ತಡೆಯುತ್ತದೆ.

"ಏಮಮ್ಮಾ, ಇಲ್ಲೊಂದು ಉಳ್ಕೊಂಡೈತಲ್ಲ?"

ಗಂಗಾಲಕ್ಷ್ಮಿ ಎದ್ದು ಬಂದು ನೋಡುತ್ತಾರೆ. ಸೆರಗಿನಿಂದ ಅಲ್ಲಿನ ಧೂಳು ಒರೆಸುತ್ತಾರೆ.

"ಅದು ಹಲಸಿನ ಗಂಟು ಕಣಣ್ಣ, ಮರದ್ದೇ. ನಾನು ತುಂಬಿದ್ದು ಎಲ್ಲೈತೆ, ತೋರ್ಸಿ ನೋಡಾಣ."

ಆಂಜಿನಪ್ಪ ಇನ್ನೊಂದು ಸಲ ಬಗ್ಗುತ್ತಾರೆ. ಆಮೇಲೆ ಟೆಂಪೋದವನನ್ನು ಬಾಗಿಲು ಎತ್ತಲು ಕೂಗುತ್ತಾರೆ.