ತೊಗರಿ ಹೊಲದ ದಾರಿ

ಈ ಥಂಡ್ಯಾಗ ಬಸವಕಲ್ಯಾಣಕ್ಕ ಪಾದಯಾತ್ರೆ ಹೋಗೂದು ಪಕ್ಕಾ ಆಗಿತ್ತು. ಯಾವ ದಾರಿ ಹಿಡೀಬೇಕಂತ ಚಿತ್ತಾಪುರದಾಗ ನಮ್ಮ ಓಣಿ ಗುಡಿ ಕಟ್ಟಿ ಮ್ಯಾಲ ಗಂಡಸರು ಕುಂತು ಮಾತಾಡಾಕತ್ತಿದ್ರು. ಹೆಂಗಸರು ನಾವು ಕೆಳಗ ನಿಂತಿದ್ವಿ. ಹೋದ ವರ್ಷದಂಗ ಶಹಾಬಾದ್ ಕಡಿಂದ ಡಾಂಬರ್ ರಸ್ತಾ ಹಿಡಿದ್ರ ಭಜನಿ ಸ್ಪೀಕರಿನ ಟೆಂಪೋ ಸಲೀಸಾಗಿ ಬರ್ತದ ಅಂದ್ರು ಹಿರಿಯರೊಬ್ಬರು.

ನಾನು ಬ್ಯಾಡ ಅಂದೆ. ಗುಂಡಗುರ್ತಿ, ತೆಂಗಳಿ ಹಾದು ಹೊಲದ ದಾರಿ ಹಿಡೀರಿ ಅಂದೆ.

"ಆ ಕಲ್ಲು ಮುಳ್ಳಿನ ದಾರ್ಯಾಗ ಏನದರಿ?" ಅಂದ್ರು ಹಿರಿಯರು.

"ತೊಗರಿ ಅದ. ಈಗ ಆಳೆತ್ತರ ನಿಂತದ."

ಗಂಡಸರೆಲ್ಲ ನಕ್ಕರು. "ನಿಮಗ ಯಾವ ದಾರಿ ಆದ್ರೇನ್ರಿ ಅಕ್ಕೋರೆ," ಅಂದ್ರು ಹಿರಿಯರು. "ಹೋದ ವರ್ಷ ಹಗಲೆಲ್ಲ ಹನಿ ನೀರು ಮುಟ್ಟದ ನಡದ್ರಿ. ಅಂಥಾ ಭಕ್ತಿ ನಮಗೆಲ್ಲಿ ಬರಬೇಕು!" ಕಠಿಣ ವ್ರತ ಮಾಡಿದಾಕಿ ಅಂತ ಅವರು ಅವತ್ತು ಕಲ್ಯಾಣದಾಗ ನನಗ ಶಾಲು ಬ್ಯಾರೆ ಹೊದಿಸಿದ್ರು.

ನನಗ ಸಿಟ್ಟು ನೆತ್ತಿಗೇರಿತು. "ಅದು ವ್ರತ ಅಲ್ರೀ!" ಅಂತ ಒದರಿದೆ. "ನೀವು ಎಲ್ಲಿ ಬೇಕಲ್ಲಿ ರಸ್ತಾಕ್ಕ ಬೆನ್ನು ಮಾಡಿ ನಿಂದರ್ತೀರಿ. ನಾವು ಎಲ್ಲಿ ಕುಂದರಬೇಕು? ಆ ರಸ್ತಾದಾಗ ಒಂದು ಕಡಿ ಕಲ್ಲಿನ ಗಣಿ, ಒಂದು ಕಡಿ ಲಾರಿ. ಒಂದು ಗಿಡದ ಮರೆ ಇಲ್ಲ. ಅದಕ್ಕ ನೀರು ಕುಡೀಲಿಲ್ಲ. ಇಲ್ಲಿ ಕೆಳಗ ನಿಂತ ಹೆಂಗಸರ್ಯಾರೂ ಕುಡೀಲಿಲ್ಲ."

ಕಟ್ಟಿ ಮ್ಯಾಲಿಂದ ಒಬ್ಬರು, "ಖರೆ, ಆದ್ರ ತೊಗರ್ಯಾಗ ಟೆಂಪೋ ಹೋಗಂಗಿಲ್ಲಲ್ರಿ," ಅಂದ್ರು.

"ಹಂಗಾದ್ರ ಟೆಂಪೋನೇ ಕಲ್ಯಾಣಕ್ಕ ಕಳಸ್ರಿ," ಅಂದೆ. "ಶಾಲೂ ಅದಕ್ಕೇ ಹೊದಸ್ರಿ."