ಇಕೆದಾ ಎಂದರೆ ಯಾವ ಕೆರೆ?

ಗುತ್ತಲಿನ ನಮ್ಮ ಮನೆಯ ಮಹಡಿ ಬೇಸಿಗೆಯಿಂದಲೂ ಖಾಲಿ ಬಿದ್ದಿತ್ತು. ನೋಡಲು ಬರುವವರಿಗೇನೂ ಕೊರತೆಯಿರಲಿಲ್ಲ. ನಮ್ಮತ್ತೆಯ ಪ್ರಶ್ನೆಗಳಿಗೆ ಉತ್ತರ ಕೊಟ್ಟು ನಿಲ್ಲುವವರಿಗೆ ಕೊರತೆ. ಊರು ಯಾವುದು, ಯಾರ ಪೈಕಿ, ಆ ಊರಿನ ಇಂಥವರು ನಿಮಗೇನಾಗಬೇಕು. ಬಾಡಿಗೆಯ ಮಾತು ಇವೆಲ್ಲ ಮುಗಿದ ಮೇಲೆ.

ಹೀಗಿರುವಾಗ ಒಂದು ಭಾನುವಾರ, ಗೆಜ್ಜಲಗೆರೆಯ ಕಾರ್ಖಾನೆಗೆ ಬಂದಿದ್ದ ಜಪಾನಿನ ಎಂಜಿನಿಯರೂ ಅವರ ಹೆಂಡತಿಯೂ ಚಪ್ಪಲಿಗಳನ್ನು ಬಾಗಿಲಾಚೆ ಜೋಡಿಸಿಟ್ಟು ಒಳಗೆ ಬಂದರು. ಮದ್ದೂರಿನ ಲಾಡ್ಜಿನಲ್ಲಿ ಇದ್ದೂ ಇದ್ದೂ ಸಾಕಾಗಿ, ಅನ್ನ ಬೇಯಿಸಿಕೊಳ್ಳಲು ಒಂದು ಒಲೆ ಸಿಕ್ಕರೆ ಸಾಕು ಎನ್ನುವಂತಾಗಿತ್ತು. ನೋಡಿದ ಮನೆಗಳಲ್ಲೆಲ್ಲ "ಆಮೇಲೆ ಹೇಳ್ತೀವಿ" ಎಂದಿದ್ದರಂತೆ. ನನ್ನ ಇಂಗ್ಲಿಷೂ ಅವರ ಇಂಗ್ಲಿಷೂ ಒಂದೇ ಮಟ್ಟದವಾದ್ದರಿಂದ ಮಾತು ಸಲೀಸಾಗಿ ನಡೆಯಿತು.

"ಯಾರ ಪೈಕಿ ಕೇಳವ್ವ," ಎಂದರು ಅತ್ತೆ.

ಮನೆತನದ ಹೆಸರು ಇಕೆದಾ ಎಂದರು ಎಂಜಿನಿಯರ್. ಇಕೆ ಎಂದರೆ ಕೆರೆ, ದಾ ಎಂದರೆ ಭತ್ತದ ಗದ್ದೆಯಂತೆ.

ಅತ್ತೆಯ ಮುಖ ಅರಳಿತು. "ಕೆರೆ ಕೆಳಗಿನ ಗದ್ದೆಯೋರಾ! ಅಂಗಾದ್ರೆ ಉಂಡುಟ್ಟ ಮನೆತನವೇ ಬುಡು. ನೀರಿಗೆ ಯಾರ್ ಮುಂದೂ ಕೈಚಾಚಿರಾಕಿಲ್ಲ."

ತಾನು ಗದ್ದೆಗೆ ಕಾಲಿಟ್ಟವನೇ ಅಲ್ಲ, ಅಜ್ಜನ ಕಾಲದಿಂದಲೂ ಬಾಡಿಗೆ ಮನೆಯೇ ಎಂದರು ಪಾಪ ಎಂಜಿನಿಯರ್. ಅತ್ತೆ ಅದನ್ನು ವಿನಯ ಎಂದುಕೊಂಡು ಮಹಡಿಯ ಬೀಗದ ಕೈ ತರಿಸಿದರು.

ಹೆಂಡತಿಗೆ ಖುಷಿಯೋ ಖುಷಿ. ಮದುವೆಗೆ ಮುಂಚೆ ನಾನೂ ಇಕೆದಾನೇ, ಹೆಸರು ಬದಲಾಯಿಸುವ ತಾಪತ್ರಯವೇ ಇರಲಿಲ್ಲ, ನಮ್ಮಲ್ಲಿ ಎಲ್ಲಿ ನೋಡಿದರೂ ಇಕೆದಾಗಳೇ ಎಂದು ನಕ್ಕರು. ನಾನು ಹಿಂದುಮುಂದು ನೋಡದೆ ಅದನ್ನೂ ಕನ್ನಡಕ್ಕೆ ತಂದೆ.

ಬೀಗದ ಕೈ ಅತ್ತೆಯ ಸೆರಗಿನಡಿ ಸೇರಿತು. "ಒಂದೇ ಎಸ್ರು ಅಂದ್ರೆ ಒಂದೇ ಬೆಡಗು, ಒಂದೇ ಕುಲ. ಅಣ್ಣತಂಗೀರ್ಗೆ ಮದ್ವೆ ಮಾಡವ್ರಲ್ಲ, ಕೇಳೋರು ಒಬ್ರೂ ಇರ್ಲಿಲ್ವಾ?"

"ಸಂಬಂಧ ಏನಿಲ್ಲ ಕಣತ್ತೆ. ನಮ್ಮಲ್ಲಿ ಗೌಡ್ರು ಇಲ್ವಾ ಅಂಗೆ. ಈಗ ಬೀದೀಲಿ ನಿಂತು ಗೌಡ್ರೇ ಅಂದ್ರೆ ಎಷ್ಟು ಬಾಗ್ಲು ತೆಗೀತವೆ?"

"ಗೌಡ ಅಂದ್ಬುಟ್ರೆ ಆಗೋಯ್ತಾ? ಬೆಡಗು ಕೇಳಾಕಿಲ್ವಾ? ನಿನ್ನ ತರಕ್ಕೆ ಮುಂಚೆ ಮಳವಳ್ಳಿಗೋಗಿ ಕೇಳ್ಕಬಂದಿವ್ನಿ ನಾನು!"

ನಿಜವೇ. ಬೆಡಗು ಒಂದನ್ನು ಬಿಟ್ಟು ನನ್ನ ಬಗ್ಗೆ ಬೇರೇನನ್ನೂ ವಿಚಾರಿಸಿಕೊಂಡು ಬರಲಿಲ್ಲವೆಂದು ನಮ್ಮ ಯಜಮಾನರು ಈಗಲೂ ಹೇಳುವುದುಂಟು.

ಗಂಡ ಹೆಂಡತಿ ನಮ್ಮಿಬ್ಬರ ಮುಖಗಳನ್ನೇ ನೋಡುತ್ತಿದ್ದರು. ಇನ್ನೊಂದು "ಆಮೇಲೆ ಹೇಳ್ತೀವಿ"ಗೆ ಸಿದ್ಧರಾದವರಂತೆ ಆಕೆ ಕೈಚೀಲವನ್ನು ಹೆಗಲಿಗೇರಿಸಿದರು.

ಅದು ಅತ್ತೆಗೂ ಕಂಡಿರಬೇಕು. ಬಾಯಲ್ಲಿದ್ದ ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು. "ಇವ್ನ ಕೆರೆ ಯಾವೂರ್ದು, ಇವ್ಳ ಕೆರೆ ಯಾವೂರ್ದು, ಅದ ಕೇಳು."

ಕೇಳಿದೆ. ಎಂಜಿನಿಯರ್ ಗೊತ್ತಿಲ್ಲವೆಂದು ತಲೆಯಾಡಿಸಿದರು. ಹೆಂಡತಿ ಮಾತ್ರ ಅತ್ತೆಯನ್ನೇ ಒಂದು ಗಳಿಗೆ ನೋಡಿ, ನಮ್ಮ ಕಡೆಯವರು ದಕ್ಷಿಣದ ದ್ವೀಪದವರು, ಇವರ ಕಡೆಯವರು ಉತ್ತರದವರು, ನಡುವೆ ಸಮುದ್ರವಿದೆ ಎಂದರು.

"ಸಮುದ್ರ ಐತಾ? ಅಂಗಾದ್ರೆ ನೀರೂ ಬ್ಯಾರೆ, ಬೆಡಗೂ ಬ್ಯಾರೆ. ಮೊದ್ಲೇ ಏಳಬಾರ್ದಾ!" ಎಂದ ಅತ್ತೆ ಬೀಗದ ಕೈಯನ್ನು ಆಕೆಯ ಅಂಗೈಯಲ್ಲಿಟ್ಟರು. ತನ್ನ ಮನೆತನದ ಕೆರೆ ಎಲ್ಲಿದೆಯೆಂದೇ ತಿಳಿಯದ ಗಂಡನ ಕೈಗೆ ಕೊಡಲು ಅವರಿಗೆ ಧೈರ್ಯ ಬರಲಿಲ್ಲ.