ಸ್ಟ್ಯಾಂಡಿಗೆ ಹಚ್ಚಿದ ಕುಂಕುಮ

ನನ್ನ ಗಂಡನ ಅಣ್ಣನ ಮೇಲೆ ನನಗೆ ಸಿಟ್ಟಿದೆ. ಪ್ರಾಯವಾದವರು, ಬಿಟ್ಟುಬಿಡು ಎಂದು ಎಲ್ಲರೂ ಹೇಳುತ್ತಾರೆ. ನಾನು ಬಿಡುವುದಿಲ್ಲ. ನನಗೂ ಅರುವತ್ತೆರಡಾಯಿತು, ನನಗಾಗಿ ಯಾರೂ ಏನನ್ನೂ ಬಿಟ್ಟದ್ದು ಕಂಡಿಲ್ಲ.

ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಬಗ್ಗಿ ಉತ್ತರ ಪತ್ರಿಕೆ ತಿದ್ದಿದ್ದಕ್ಕೆ ನಿವೃತ್ತಿಯ ಮರುವರ್ಷವೇ ಕುತ್ತಿಗೆ ಕೈಕೊಟ್ಟಿತು. ಎಡಗೈ ಜೋಮು ಹಿಡಿದು ಪುಸ್ತಕ ನಿಲ್ಲುತ್ತಿರಲಿಲ್ಲ. ಮೂಡುಬಿದಿರೆಯ ಡಾಕ್ಟರು ಎಕ್ಸ್‌ರೇ ನೋಡಿ, "ಪುಸ್ತಕ ಕಣ್ಣಿನ ಮಟ್ಟಕ್ಕೆ ಬರ್ಬೇಕು ಟೀಚರ್. ಆಗದಿದ್ರೆ ಓದುವುದನ್ನೇ ಬಿಟ್ಟುಬಿಡಿ" ಎಂದರು. ಅಡುಗೆ ಬಿಡಿ ಎಂದಿದ್ದರೆ ಖುಷಿಯಿಂದ ಬಿಡುತ್ತಿದ್ದೆ.

ನರಿಕೊಂಬಿನ ನಮ್ಮ ಮನೆಯಲ್ಲಿ ಅತ್ತೆಯ ಕಾಲದ ವ್ಯಾಸಪೀಠವಿದೆ. ಕತ್ತರಿಯ ಹಾಗೆ ಮಡಚುವ, ನೆಲದ ಮೇಲಿಡುವ ಗಿಡ್ಡ ಪೀಠ. ಮಳೆಗಾಲದ ಆಟಿ ತಿಂಗಳಲ್ಲಿ ಭಾವ ಅದರ ಮೇಲೆ ಪುರಾಣ ಇಟ್ಟು ಓದುತ್ತಾರೆ; ಉಳಿದ ತಿಂಗಳು ಅದು ದೇವರ ಕೋಣೆಯಲ್ಲಿ ಧೂಳು ತಿನ್ನುತ್ತದೆ. ನಾನು ಅದನ್ನು ತಂದು ಮೇಜಿನ ಮೇಲೆ ಬಿಡಿಸಿ ಒಂದು ಪತ್ತೇದಾರಿ ಕಾದಂಬರಿ ಇಟ್ಟೆ. ನಾಲ್ಕು ಪುಟ ಓದಿರಲಿಲ್ಲ, ಭಾವ ಬಂದರು.

"ದೇವರ ಪುಸ್ತಕ ಇಡುವ ಪೀಠದಲ್ಲಿ ಕೊಲೆಯ ಕತೆಯಾ? ಓದುವುದಾದ್ರೆ ತಲೆ ಬಗ್ಗಿಸಿ ಓದ್ಬೇಕು. ನೆಟ್ಟಗೆ ಕೂತು ಓದುವುದು ಎಂಥ ಓದು?"

"ನನ್ನ ಕುತ್ತಿಗೆ ಬಗ್ಗುವುದಿಲ್ಲ ಭಾವ."

"ಅದು ಮೊದಲಿಂದಲೂ ಹಾಗೆಯೇ ಅಲ್ವಾ" ಎಂದು ಪೀಠ ಎತ್ತಿಕೊಂಡು ಹೋದರು. ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ.

ಮರಗೆಲಸದ ಆಚಾರಿಯವರನ್ನು ಕರೆಸಿದೆ. ನಾನು ಕುರ್ಚಿಯಲ್ಲಿ ಕುಳಿತೆ, ಅವರು ಮೇಜಿನಿಂದ ನನ್ನ ಕಣ್ಣಿನವರೆಗೆ ಅಳತೆ ತೆಗೆದರು. ಹೆಬ್ಬಲಸಿನ ಹಲಗೆ, ಓರೆಯಾಗಿ ನಿಲ್ಲಲು ಹಿಂದೊಂದು ಕಾಲು, ಹಾಳೆ ಮಗುಚದಂತೆ ಕೆಳಗೆ ಎರಡು ಪುಟ್ಟ ಮರದ ತುಂಡು; ನನ್ನದೇ ಪುಸ್ತಕದ ಸ್ಟ್ಯಾಂಡ್ ತಯಾರಾಯಿತು. ಇಡೀ ಬೇಸಿಗೆ ಅದರ ಮುಂದೆ ಕುಳಿತು ಓದಿದೆ. ಕೈಯ ಜೋಮು ಇಳಿಯಿತು.

ಆಟಿಯ ಮೊದಲ ದಿನ ಸಂಜೆ ಬಿ.ಸಿ. ರೋಡ್ ಪೇಟೆಯಿಂದ ಬಂದು ನೋಡಿದರೆ ಸ್ಟ್ಯಾಂಡ್ ಮೇಜಿನ ಮೇಲಿಲ್ಲ. ದೇವರ ಕೋಣೆಯಲ್ಲಿ ಭಾವ ಕುರ್ಚಿ ಹಾಕಿ ಕುಳಿತಿದ್ದರು. ಎದುರಿನ ಸ್ಟೂಲಿನ ಮೇಲೆ ನನ್ನ ಸ್ಟ್ಯಾಂಡ್, ಅದರ ಮೇಲೆ ಪುರಾಣ, ಹಲಗೆಗೆ ಕುಂಕುಮ. ಅವರ ತಲೆ ನೆಟ್ಟಗಿತ್ತು.

"ತಲೆ ಬಗ್ಗಿಸಿ ಓದ್ಬೇಕಲ್ವಾ ಭಾವ?"

"ನನಗೆ ಬೆನ್ನುನೋವು. ಕುಂಕುಮ ಹಚ್ಚಿ ಪುರಾಣ ಇಟ್ಟಾಯ್ತು, ಇನ್ನು ಇದರಲ್ಲಿ ಬೇರೆ ಪುಸ್ತಕ ಇಡ್ಲಿಕ್ಕಿಲ್ಲ. ನೀನು ಇನ್ನೊಂದು ಮಾಡಿಸು."

"ಹೋಗ್ಲಿ ಬಿಡು ಮಾರಾಯ್ತಿ" ಎಂದರು ನನ್ನ ಗಂಡ. ಇನ್ನೊಂದು ಮಾಡಿಸಿದರೆ ಅದಕ್ಕೂ ಒಂದು ದಿನ ಕುಂಕುಮ ಬೀಳುತ್ತದೆ ಎಂದು ನನಗೆ ಗೊತ್ತಿತ್ತು.

ಅಧ್ಯಾಯ ಮುಗಿಯುವವರೆಗೆ ಕಾದೆ. ಕೈಕಾಲು ತೊಳೆದು ಬಂದು, ಪುರಾಣವನ್ನು ಎರಡೂ ಕೈಯಿಂದ ಎತ್ತಿ, ಕಣ್ಣಿಗೊತ್ತಿಕೊಂಡು, ಹಳೆಯ ವ್ಯಾಸಪೀಠದ ಮೇಲಿಟ್ಟೆ. ಪುರಾಣದ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆಮೇಲೆ ಸ್ಟ್ಯಾಂಡನ್ನು ಬಾವಿಕಟ್ಟೆಗೆ ಒಯ್ದು ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಿದೆ.

"ಮುತ್ತೈದೆ ಕುಂಕುಮ ಒರೆಸುವುದಾ?" ಭಾವ ಜಗಲಿಯಿಂದ ಕೂಗಿದರು. ನಾನು ಇನ್ನೊಮ್ಮೆ ಒರೆಸಿದೆ.

ಅಂದಿನಿಂದ ಅವರು ನನ್ನೊಡನೆ ಮಾತಾಡಿಲ್ಲ. ಹಲಗೆಯ ಗೆರೆಗಳಲ್ಲಿ ಸ್ವಲ್ಪ ಕೆಂಪು ಹಾಗೇ ಉಳಿದಿದೆ. ಅದರ ಮೇಲೆ ಕಾದಂಬರಿ ಇಟ್ಟು ದಿನಾ ಓದುತ್ತೇನೆ. ಅವರು ನೆಲದ ಮೇಲೆ ಕುಳಿತು, ಬಗ್ಗಿ, ನರಳುತ್ತಾ ಪುರಾಣ ಓದುವುದು ನನ್ನ ಕೋಣೆಗೆ ಕೇಳಿಸುತ್ತದೆ. ಪಾಪ ಅನಿಸುವುದಿಲ್ಲ. ಆಚಾರಿಯವರ ನಂಬರ್ ನನ್ನ ಮೊಬೈಲಿನಲ್ಲಿದೆ. ಕೇಳಿದರೆ ಕೊಡುತ್ತೇನೆ. ಆದರೆ ಕೇಳಬೇಕಾದರೆ ಅವರು ಮಾತಾಡಬೇಕು.